ಈ ಲೋಕದ ಕಾಯಿದೆ ಏನು?

ಸೈನ್ಸ್ ಫಿಕ್ಷನ್ ಆ್ಯಕ್ಷನ್ ಸಿನಿಮಾ ನೋಡಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ 'ಗ್ರಾಫಿಕ್ಸ್ ಹೇಗಿದೆ?' ಅನ್ನೋದು. ಹತ್ತು ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಗೆ ಅರ್ಥ ಇತ್ತು. ಈಗ ದೊಡ್ಡ ಬಜೆಟ್ಟಿನ ಯಾವ ಸಿನಿಮಾಕ್ಕೆ ಹೋದರೂ ನಗರ ತೇಲುತ್ತದೆ, ಕಟ್ಟಡ ಕುಸಿಯುತ್ತದೆ, ಯಂತ್ರ ನಡೆಯುತ್ತದೆ. ಎಲ್ಲ ನಂಬುವ ಹಾಗೇ ಕಾಣುತ್ತದೆ. ಆದರೂ ಕೊನೆಯ ಮುಕ್ಕಾಲು ಗಂಟೆಯ ಫೈಟಿನಲ್ಲಿ ಎಷ್ಟೋ ಸಲ ನನ್ನ ಕಣ್ಣು ಮಾತ್ರ ಪರದೆಯ ಮೇಲಿರುತ್ತದೆ, ಮನಸ್ಸು ಇರುವುದಿಲ್ಲ. ಯಾಕೆ ಹೀಗೆ ಅಂತ ತುಂಬಾ ಯೋಚಿಸಿದ್ದೇನೆ. ನನಗೆ ಸಿಕ್ಕ ಉತ್ತರ ಇಷ್ಟು: ಈ ಲೋಕದಲ್ಲಿ ಯಾವುದು ಸಾಧ್ಯ ಇಲ್ಲ ಅಂತ ಆ ಸಿನಿಮಾ ನನಗೆ ಹೇಳಿರುವುದಿಲ್ಲ. ಎಲ್ಲವೂ ಸಾಧ್ಯ ಇರುವ ಕಡೆ ಯಾರಿಗಾಗಿ ಹೆದರಬೇಕು?

ಮುಂದೆ ಕೆಲವು ಸಿನಿಮಾಗಳ ಕತೆ ಬಿಚ್ಚಿಡಲೇಬೇಕು. ನೋಡದವರು ನೋಡಿಕೊಂಡು ಬಂದು ಓದಿ.

ಮೊದಲು 'ಡ್ಯೂನ್'. ಡೆನಿಸ್ ವಿಲೆನ್ಯೂವ್ ನಿರ್ದೇಶನದ ಮೊದಲ ಭಾಗ 2021ರಲ್ಲಿ ಬಂತು, ಎರಡನೆಯದು 2024ರಲ್ಲಿ. ಈ ಲೋಕದಲ್ಲಿ ಮೈಸುತ್ತ ಕಟ್ಟಿಕೊಳ್ಳುವ ಒಂದು ಕವಚ ಇದೆ. ವೇಗವಾಗಿ ಬರುವ ಏಟನ್ನು ಅದು ತಡೆಯುತ್ತದೆ. ನಿಧಾನವಾಗಿ ಒತ್ತಿದ ಕತ್ತಿ ಮಾತ್ರ ಒಳಗೆ ಹೋಗುತ್ತದೆ. ತಡೆದಾಗ ನೀಲಿ, ಒಳಹೊಕ್ಕಾಗ ಕೆಂಪು. ಈ ಒಂದೇ ನಿಯಮದಿಂದ ಎಷ್ಟು ಕೆಲಸ ಆಗಿದೆ ನೋಡಿ. ಬಾಹ್ಯಾಕಾಶದಲ್ಲಿ ಓಡಾಡುವ ಜನ ಯಾಕೆ ಕತ್ತಿ ಹಿಡಿದು ಹೊಡೆದಾಡುತ್ತಾರೆ ಅನ್ನುವುದಕ್ಕೆ ಕಾರಣ ಸಿಕ್ಕಿತು. ವೇಗವಾಗಿ ನುಗ್ಗಿ, ಕೊನೆಯ ಕ್ಷಣದಲ್ಲಿ ಕೈ ನಿಧಾನ ಮಾಡಬೇಕಾದ ಹೊಸ ಥರದ ಫೈಟು ಹುಟ್ಟಿತು. ಕೆಂಪು ಕಂಡ ಕೂಡಲೇ ಯಾರೂ ಹೇಳದೆ ಪ್ರೇಕ್ಷಕನಿಗೆ ಗೊತ್ತಾಗುತ್ತದೆ, ಇವನ ಕತೆ ಮುಗಿಯಿತು ಅಂತ. ಮರಳುಗಾಡಿಗೆ ಬಂದರೆ ಇನ್ನೊಂದು ನಿಯಮ: ಅದೇ ಕವಚ ಅಲ್ಲಿ ದೈತ್ಯ ಹುಳುಗಳನ್ನು ಕರೆಯುತ್ತದೆ. ಲಯಬದ್ಧವಾಗಿ ಹೆಜ್ಜೆ ಹಾಕಿದರೂ ಅವು ಬರುತ್ತವೆ. ಹಾಗಾಗಿ ಇಬ್ಬರು ಮನುಷ್ಯರು ಸುಮ್ನೆ ಮರಳಿನ ಮೇಲೆ ನಡೆದುಹೋಗುವುದೇ ಒಂದು ಆ್ಯಕ್ಷನ್ ದೃಶ್ಯ ಆಗುತ್ತದೆ. ಇದಲ್ವಾ ಸೈನ್ಸ್ ಫಿಕ್ಷನ್ ಮಾಡಬೇಕಾದ ಕೆಲಸ!

ಅದೇ 'ಡ್ಯೂನ್' ಎರಡನೇ ಭಾಗದ ಕೊನೆಗೆ ಬಂದಾಗ ಎಡವುತ್ತದೆ. ಚಕ್ರವರ್ತಿಯ ಸೈನಿಕರಾದ ಸಾರ್ಡೌಕರ್‌ಗಳನ್ನು ಮೊದಲ ಭಾಗದಲ್ಲಿ ಎಷ್ಟು ಭಯ ಹುಟ್ಟುವ ಹಾಗೆ ಪರಿಚಯ ಮಾಡಿದ್ದರು! ಸುರಿಯುವ ಮಳೆ, ಗಂಟಲಾಳದಿಂದ ಬರುವ ಆ ಮಂತ್ರದಂಥ ಸದ್ದು, ಹಣೆಗೆ ಹಚ್ಚುವ ರಕ್ತ. ಇಂಥವರು ಕೊನೆಯ ಯುದ್ಧದಲ್ಲಿ ತರಗೆಲೆಯ ಹಾಗೆ ಬೀಳುತ್ತಾರೆ. ಎರಡು ಸಿನಿಮಾ ಕಾಯಿಸಿದ ಯುದ್ಧ ನೋಡನೋಡುತ್ತಲೇ ಮುಗಿಯುತ್ತದೆ. ನಾಯಕನ ಗೆಲುವು ಅವನಿಗೇ ಶಾಪ ಅಂತ ತೋರಿಸುವುದು ನಿರ್ದೇಶಕರ ಉದ್ದೇಶ ಇರಬಹುದು. ಒಪ್ಪುತ್ತೇನೆ. ಆದರೆ ಗೆಲುವು ಕಷ್ಟದ್ದು ಅನಿಸಿದರೆ ತಾನೆ ಆ ಶಾಪವೂ ಭಾರ ಅನಿಸುವುದು?

ಈಗ ನನಗೆ ಬಹಳ ಪ್ರೀತಿಯ ಸಿನಿಮಾಕ್ಕೆ ಬರುತ್ತೇನೆ. ಜಪಾನಿನ 'ಗಾಡ್ಜಿಲ್ಲಾ ಮೈನಸ್ ಒನ್', 2023. ಬರೆದು ನಿರ್ದೇಶಿಸಿದ್ದು ತಕಾಶಿ ಯಮಜಾಕಿ, ವಿಎಫ್‌ಎಕ್ಸ್, ಅಂದರೆ ಗ್ರಾಫಿಕ್ಸ್ ಕೆಲಸದ ಮೇಲ್ವಿಚಾರಣೆಯೂ ಅವರದೇ. ಖರ್ಚು ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ ಎಂದು ವರದಿಯಾಗಿತ್ತು. 35 ಜನರ ಪುಟ್ಟ ತಂಡ 610 ವಿಎಫ್‌ಎಕ್ಸ್ ಶಾಟ್‌ಗಳನ್ನು ಮಾಡಿತು. ಹಾಲಿವುಡ್‌ನ ದೊಡ್ಡ ದೊಡ್ಡ ಸಿನಿಮಾಗಳನ್ನು ಹಿಂದೆ ಹಾಕಿ 2024ರಲ್ಲಿ ವಿಎಫ್‌ಎಕ್ಸ್ ಆಸ್ಕರ್ ತಗೊಂಡಿತು.

ದುಡ್ಡಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ಕತೆಯೊಳಗಿನ ಲೆಕ್ಕ. ಎರಡನೇ ಮಹಾಯುದ್ಧ ಆಗತಾನೆ ಮುಗಿದಿದೆ. ಜಪಾನಿನ ಹತ್ತಿರ ಸೈನ್ಯ ಇಲ್ಲ. ಅಮೆರಿಕ ಸಹಾಯಕ್ಕೆ ಬರುವುದಿಲ್ಲ, ಸರ್ಕಾರವೂ ಕೈಚೆಲ್ಲಿದೆ. ಉಳಿದಿರುವುದು ಮದ್ದುಗುಂಡು ಇಲ್ಲದ ಕೆಲವು ಹಡಗು, ನೌಕಾಪಡೆಯಲ್ಲಿದ್ದು ಈಗ ಕೆಲಸ ಕಳೆದುಕೊಂಡ ಜನ. ಸಮುದ್ರದಿಂದ ಎದ್ದು ಬರುವ ದೈತ್ಯ ಜೀವಿ ಗಾಡ್ಜಿಲ್ಲಾಕ್ಕೆ ಗುಂಡು ಹೊಡೆದು ಪ್ರಯೋಜನ ಇಲ್ಲ, ಗಾಯ ತಾನಾಗಿ ಮಾಯುತ್ತದೆ. ಆಗ ನೋಡಾ ಅನ್ನುವ ಎಂಜಿನಿಯರ್ ಒಂದು ಉಪಾಯ ಹೇಳುತ್ತಾನೆ. ಸಮುದ್ರದಲ್ಲಿ ಅದರ ಮೈಸುತ್ತ ಫ್ರಿಯಾನ್ ಅನಿಲದ ಸಿಲಿಂಡರ್‌ಗಳನ್ನು ಕಟ್ಟಿ ಒಟ್ಟಿಗೆ ಒಡೆಯೋಣ. ಗುಳ್ಳೆಗಳು ಸುತ್ತುವರಿದರೆ ತೇಲುವ ಶಕ್ತಿ ಹೋಗಿ ಕಲ್ಲಿನ ಹಾಗೆ ತಳಕ್ಕೆ ಇಳಿಯುತ್ತದೆ. ಆಳದ ನೀರಿನ ಒತ್ತಡ ಅದನ್ನು ಹಿಚುಕಲಿ. ಅಷ್ಟಕ್ಕೂ ಸಾಯದಿದ್ದರೆ, ಮೊದಲೇ ಕಟ್ಟಿದ ಬಲೂನುಗಳನ್ನು ಊದಿಸಿ ಸರ್ರನೆ ಮೇಲಕ್ಕೆ ಎಳೆಯೋಣ, ಒತ್ತಡ ಒಮ್ಮೆಲೇ ಇಳಿದು ಒಡೆದುಹೋಗಲಿ.

ಹೈಸ್ಕೂಲಿನ ವಿಜ್ಞಾನ ಓದಿದವರಿಗೂ ಅರ್ಥ ಆಗುವ ಉಪಾಯ. ಅರ್ಥ ಆದದ್ದರಿಂದಲೇ ಯುದ್ಧ ಶುರುವಾದಾಗ ನಾವೂ ಹಡಗಿನಲ್ಲಿ ಇದ್ದೇವೆ. ಎರಡು ಹಡಗು ಹಗ್ಗ ಎಳೆದುಕೊಂಡು ಅದರ ಸುತ್ತ ಬರಬೇಕು. ಎಷ್ಟು ಹತ್ತಿರ ಹೋಗಬೇಕಾಗುತ್ತದೆ, ಗೊತ್ತು. ಅದು ಬಾಯಿಂದ ಬೆಂಕಿ ಉಗುಳುವ ಮೊದಲು ಬೆನ್ನಿನ ಮುಳ್ಳುಗಳು ಬಾಲದ ಕಡೆಯಿಂದ ಒಂದೊಂದಾಗಿ ನೀಲಿ ಹೊಳೆದು ಹೊರಕ್ಕೆ ಚಾಚುತ್ತವೆ. ಅದನ್ನೂ ಹಿಂದೆಯೇ ನೋಡಿದ್ದೇವೆ. ಒಂದು ಸಲ ಉಗುಳಿದರೆ ಅದರ ಮೈಯೂ ಸುಟ್ಟಿರುತ್ತದೆ, ಮತ್ತೆ ಉಗುಳಲು ಹೊತ್ತು ಬೇಕು. ರಾಕ್ಷಸ ಜೀವಿಗೂ ಒಂದು ಬೆಲೆ ಇಟ್ಟಿದ್ದಾರೆ! ಮುಳ್ಳುಗಳು ಒಂದೊಂದಾಗಿ ಏಳುವಾಗ ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಎಷ್ಟು ಮುಳ್ಳು ಉಳಿದಿವೆ, ಹಡಗಿಗೆ ಎಷ್ಟು ಸಮಯ ಉಳಿದಿದೆ ಅಂತ ನಾವೇ ಎಣಿಸಬಹುದು. ಉಪಾಯ ಅರ್ಧಕ್ಕೆ ಕೈಕೊಡುತ್ತದೆ. ಬಲೂನು ಹರಿಯುತ್ತದೆ. ಆಗ ಸಣ್ಣಪುಟ್ಟ ದೋಣಿಗಳವರು ಬಂದು ಹಗ್ಗ ಹಿಡಿದು ಎಳೆಯುತ್ತಾರೆ. ನನಗೆ ಕಣ್ಣು ತುಂಬಿತು. ದೇಶ ಯುದ್ಧದಲ್ಲಿ ಜನರ ಜೀವವನ್ನು ತೀರಾ ಅಗ್ಗ ಮಾಡಿತ್ತು, ಈ ಸಲ ಯಾರೂ ಸಾಯಬಾರದು ಅನ್ನುವ ಮಾತು ಕತೆಯಲ್ಲಿ ಮೊದಲೇ ಬಂದಿರುತ್ತದೆ. ಆ ಹಗ್ಗದಲ್ಲಿ ಆ ಮಾತೂ ಇದೆ.

ಅದೇ ವರ್ಷ ಬಂದ 'ದಿ ಕ್ರಿಯೇಟರ್' ಬಗ್ಗೆ ನನಗೆ ಬೇಸರ ಜಾಸ್ತಿ, ಯಾಕೆಂದರೆ ಅದರ ಮೇಲೆ ಆಸೆ ಜಾಸ್ತಿ ಇತ್ತು. ಗ್ಯಾರೆತ್ ಎಡ್ವರ್ಡ್ಸ್ 8 ಕೋಟಿ ಡಾಲರಿನಲ್ಲಿ ಮಾಡಿದ್ದು. ಮದುವೆ ಶೂಟ್ ಮಾಡುವವರೂ ಕೊಳ್ಳಬಹುದಾದ ಸೋನಿ ಎಫ್‌ಎಕ್ಸ್3 ಕ್ಯಾಮೆರಾ ಹಿಡಿದು ಥಾಯ್ಲೆಂಡ್, ನೇಪಾಳ, ಇಂಡೊನೇಷ್ಯಾ, ಕಾಂಬೋಡಿಯಾ ಸುತ್ತಿದರು. ನಿಜವಾದ ಊರು, ನಿಜವಾದ ಗದ್ದೆ, ಅದರ ಮೇಲೆ ಆಮೇಲೆ ಯಂತ್ರಗಳನ್ನು ಕೂರಿಸಿದರು. ಗದ್ದೆಯ ಬೆಳಕಿನಲ್ಲಿ ನಿಂತ ರೋಬೊ ಅಲ್ಲೇ ಹುಟ್ಟಿ ಬೆಳೆದ ಹಾಗೆ ಕಾಣುತ್ತದೆ. ನೋಡುವುದಕ್ಕೆ ಇದಕ್ಕಿಂತ ಚೆಂದದ ಸೈನ್ಸ್ ಫಿಕ್ಷನ್ ಆ ವರ್ಷ ಇರಲಿಲ್ಲ. ಆದರೆ ಆ ಯಂತ್ರಮಾನವರು ಯಂತ್ರ ಆಗಿರುವುದರಿಂದ ಏನು ವ್ಯತ್ಯಾಸ? ಅವರು ನಿದ್ದೆ ಮಾಡುತ್ತಾರೆ, ಅಳುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಗುಂಡು ತಗುಲಿದರೆ ಬೀಳುತ್ತಾರೆ. ಕಿವಿಯ ಹಿಂದಿನ ತೂತು ಬಿಟ್ಟರೆ ಮನುಷ್ಯರೇ. ಅವರನ್ನು ಬೇಟೆಯಾಡಲು ಎಲ್ಲವನ್ನೂ ಮೇಲಿಂದ ನೋಡುವ ದೊಡ್ಡ ಬಾಹ್ಯಾಕಾಶ ನಿಲ್ದಾಣ ಕತೆಗೆ ಬೇಕಾದಾಗ ಎಲ್ಲರನ್ನೂ ಹುಡುಕುತ್ತದೆ, ಬೇಡದಾಗ ಯಾರನ್ನೂ ಕಾಣುವುದಿಲ್ಲ. ಯಂತ್ರಗಳನ್ನು ತನ್ನ ಹಿಡಿತಕ್ಕೆ ತರಬಲ್ಲ ರೋಬೊ ಮಗುವಿನ ಶಕ್ತಿಗೂ ಮಿತಿ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಇಷ್ಟು ಕಷ್ಟಪಟ್ಟು ಕಟ್ಟಿದ ಊರಿಗೆ ಕಾಯಿದೆಯೇ ಇಲ್ಲ.

ಹಾಗಂತ ಬರೀ ನಿಯಮ ಇದ್ದರೂ ಸಾಲದು. ಕ್ರಿಸ್ಟೋಫರ್ ನೋಲನ್ ಅವರ 'ಟೆನೆಟ್' 2020ರದು. ನಿಯಮಗಳೇ ತುಂಬಿದ ಸಿನಿಮಾ. ಒಬ್ಬ ಮುಂದಕ್ಕೆ, ಇನ್ನೊಬ್ಬ ಕಾಲದಲ್ಲಿ ಹಿಂದಕ್ಕೆ ಚಲಿಸುತ್ತಾ ಓಣಿಯಂಥ ಜಾಗದಲ್ಲಿ ಹೊಡೆದಾಡುವ ಫೈಟು ಇದೆ. ಅಂಥದ್ದನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ. ಆದರೆ ಕೊನೆಯ ಯುದ್ಧದಲ್ಲಿ ಎರಡು ತಂಡ ಎರಡು ದಿಕ್ಕಿನ ಕಾಲದಲ್ಲಿ ನುಗ್ಗುತ್ತವೆ, ಎದುರಾಳಿ ಯಾರು ಅಂತ ಕಾಣುವುದೇ ಇಲ್ಲ. ಮಾತುಗಳು ಹಿನ್ನೆಲೆ ಸದ್ದಿನಲ್ಲಿ ಮುಳುಗುತ್ತವೆ. ಲೆಕ್ಕ ಸರಿ ಇರಬಹುದು. ಯಾರಿಗೆ ಏನಾಗುತ್ತದೋ ಅನ್ನುವ ಆತಂಕ ಹುಟ್ಟುವುದಿಲ್ಲ.

ದುಡ್ಡು ಕಡಿಮೆ ಇದ್ದರೂ ಯೋಚನೆ ಗಟ್ಟಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 2018ರ 'ಅಪ್‌ಗ್ರೇಡ್' ನೋಡಿ. ಕುತ್ತಿಗೆಯ ಕೆಳಗೆ ಸ್ವಾಧೀನ ತಪ್ಪಿದ ಮನುಷ್ಯ, ಅವನ ಬೆನ್ನುಹುರಿಗೆ ಒಂದು ಕಂಪ್ಯೂಟರ್ ಚಿಪ್ಪು. ಅವನು ಅನುಮತಿ ಕೊಟ್ಟರೆ ಚಿಪ್ಪು ಅವನ ಕೈಕಾಲು ಆಡಿಸುತ್ತದೆ. ಫೈಟಿನಲ್ಲಿ ಮೈ ಯಂತ್ರದ ಹಾಗೆ ಹೊಡೆಯುತ್ತಿರುತ್ತದೆ, ಮುಖ ಮಾತ್ರ ಗಾಬರಿಯಿಂದ ನೋಡುತ್ತಿರುತ್ತದೆ. ನಟನ ಮೈಗೆ ಒಂದು ಫೋನ್ ಕಟ್ಟಿ, ಅದರ ಚಲನೆಗೆ ಸರಿಯಾಗಿ ಕ್ಯಾಮೆರಾ ವಾಲುವ ಹಾಗೆ ಮಾಡಿದ್ದರು. ಅವನು ಬಿದ್ದರೆ ನೆಲವೇ ಎದ್ದು ಬಂದ ಹಾಗೆ ಕಾಣುತ್ತದೆ. ಈ ಫೈಟಿನಿಂದ ಚಿಪ್ಪನ್ನು ತೆಗೆದುಬಿಡಿ, ಫೈಟೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದೇ ಪರೀಕ್ಷೆ. ಎಷ್ಟೋ ಸಿನಿಮಾಗಳಲ್ಲಿ ಲೇಸರ್ ಬದಲು ಲಾಂಗು ಕೊಟ್ಟರೂ ಅದೇ ಫೈಟು ನಡೆಯುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಫೈಟು ಬೋರು ಹೊಡೆದಾಗ 'ವಿಎಫ್‌ಎಕ್ಸ್ ಕೆಟ್ಟದಾಗಿದೆ' ಅಂತ ಬರೆದುಬಿಡುತ್ತೇವೆ. ಕೆಟ್ಟಿರುವುದು ಬಹಳ ಸಲ ಬರವಣಿಗೆ. ಆ ಶಾಟ್‌ಗಳನ್ನು ಮಾಡುವವರಲ್ಲಿ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಇದ್ದಾರೆ. 'ಡ್ಯೂನ್'ನಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕೆಲಸ ಮಾಡಿದ ಡಿಎನ್‌ಇಜಿ ಕಂಪನಿಯ ಶಾಖೆ ಇಲ್ಲಿದೆ. 2025ರ ಫೆಬ್ರವರಿಯಲ್ಲಿ ಇದೇ ಕೆಲಸದ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಇದೇ ಊರಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕತೆ ಗಟ್ಟಿಯಾಗದೆ ಶೂಟಿಂಗ್ ಮುಗಿಸಿ, ಕೊನೆಗೆ 'ಗ್ರಾಫಿಕ್ಸ್‌ನಲ್ಲಿ ನೋಡಿಕೊಳ್ಳೋಣ' ಅಂದರೆ ಅದರ ಹೊರೆ ಬೀಳುವುದು ರಾತ್ರಿ ಎರಡು ಗಂಟೆಗೆ ಮಾನಿಟರ್ ಮುಂದೆ ಕೂತವರ ಮೇಲೆ. ಅವರ ಶ್ರಮದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇನ್ನು ನಮ್ಮ ಪಕ್ಕದ ಮನೆಯ ಸಿನಿಮಾ, 'ಕಲ್ಕಿ 2898 ಎಡಿ'. ನಾಗ್ ಅಶ್ವಿನ್ ನಿರ್ದೇಶನ, 2024ರ ಜೂನ್‌ನಲ್ಲಿ ಕನ್ನಡದಲ್ಲೂ ಬಂತು. ಕುರುಕ್ಷೇತ್ರ ಮುಗಿದು ಆರು ಸಾವಿರ ವರ್ಷ ಆದಮೇಲಿನ ಕಾಶಿ. ಗಂಗೆ ಬತ್ತಿದೆ. ಊರ ನೆತ್ತಿಯ ಮೇಲೆ ತಲೆಕೆಳಗಾದ ಪಿರಮಿಡ್ಡಿನಂಥ ಕಾಂಪ್ಲೆಕ್ಸ್ ತೇಲುತ್ತಾ ಎಲ್ಲವನ್ನೂ ಹೀರುತ್ತಿದೆ. ಕೆಳಗಿನವರಿಗೆ ಧೂಳು, ಮೇಲಿನವರಿಗೆ ಹಸಿರು. ಈ ಕಲ್ಪನೆಗೆ ನಾನು ಎದ್ದು ಚಪ್ಪಾಳೆ ಹೊಡೆಯುತ್ತೇನೆ. ನಾಯಕ ಭೈರವನ ಬುಜ್ಜಿ ಕಾರನ್ನು ಮಹೀಂದ್ರ ಮತ್ತು ಕೊಯಮತ್ತೂರಿನ ಜಯೇಮ್ ಕಂಪನಿಯ ಜೊತೆ ಸೇರಿ ನಿಜವಾಗಿ ತಯಾರಿಸಿ ರಸ್ತೆಯಲ್ಲಿ ಓಡಿಸಿದರು. ಬಚ್ಚನ್ ಅವರ ಅಶ್ವತ್ಥಾಮ ಆ ವಯಸ್ಸಿನಲ್ಲಿ ಎದ್ದು ನಿಂತ ರೀತಿ ಯಾವತ್ತೂ ಮರೆಯುವುದಿಲ್ಲ.

ಆದರೆ ಮೊದಲರ್ಧದಲ್ಲಿ ಭೈರವನ ಹಾಸ್ಯ, ಒಬ್ಬರಾದ ಮೇಲೊಬ್ಬರು ಬಂದುಹೋಗುವ ಪರಿಚಿತ ಮುಖಗಳು. ಪ್ರತಿ ಎಂಟ್ರಿಗೂ ಶಿಳ್ಳೆ ಬೀಳುತ್ತದೆ, ಅಷ್ಟೊತ್ತಿಗೆ ಕಾಶಿ ಮಾಯವಾಗಿ ನಾವು ಥಿಯೇಟರಿನಲ್ಲಿ ಇರುತ್ತೇವೆ. ಫೈಟು ಶುರುವಾದರೆ ಯಾರ ಶಕ್ತಿ ಎಷ್ಟು ಅನ್ನುವುದೇ ತಿಳಿಯುವುದಿಲ್ಲ. ಒಬ್ಬ ಹೊಡೆದರೆ ಇನ್ನೊಬ್ಬ ಗೋಡೆ ಒಡೆದುಕೊಂಡು ಹೋಗಿ ಬೀಳುತ್ತಾನೆ, ಎದ್ದು ಬರುತ್ತಾನೆ, ಮತ್ತೆ ಹೊಡೆಯುತ್ತಾನೆ.

ನನಗೆ ನೋವಾಗುವುದು ಇಲ್ಲಿ. ಮಹಾಭಾರತದಿಂದ ಜನರನ್ನು ತಂದರು, ಮಹಾಭಾರತದ ಕಾಯಿದೆಗಳನ್ನು ಅಲ್ಲೇ ಬಿಟ್ಟು ಬಂದರು. ಆ ಯುದ್ಧ ಇಷ್ಟು ಕಾಲ ನಮ್ಮನ್ನು ಹಿಡಿದಿಟ್ಟಿರುವುದೇ ಕಟ್ಟುಪಾಡುಗಳಿಂದ ಅಲ್ವಾ? ಭೀಷ್ಮ ಶಿಖಂಡಿಯ ಮುಂದೆ ಬಿಲ್ಲು ಎತ್ತುವುದಿಲ್ಲ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯುವಂತಿಲ್ಲ, ಹಾಗಾಗಿಯೇ ಭೀಮ ತೊಡೆಗೆ ಹೊಡೆದದ್ದು ಇವತ್ತಿಗೂ ಜಗಳದ ವಿಷಯ. ಕರ್ಣನ ಶಕ್ತ್ಯಾಯುಧ ಒಂದೇ ಸಲ ಬಳಸಬಹುದಾದದ್ದು. ಅರ್ಜುನನಿಗಾಗಿ ಕಾದಿಟ್ಟದ್ದನ್ನು ರಾತ್ರಿ ಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಇದಕ್ಕಿಂತ ಒಳ್ಳೆಯ ಆ್ಯಕ್ಷನ್ ಬರವಣಿಗೆ ಇದೆಯಾ? ಯಕ್ಷಗಾನದ ಕೃಷ್ಣಾರ್ಜುನ ಕಾಳಗವನ್ನೇ ತಗೊಳ್ಳಿ. ಗಯನನ್ನು ಕೊಲ್ಲುತ್ತೇನೆ ಅಂತ ಕೃಷ್ಣನ ಶಪಥ, ಕಾಯುತ್ತೇನೆ ಅಂತ ಅರ್ಜುನ ಕೊಟ್ಟ ಮಾತು. ಪುಟ್ಟ ರಂಗಸ್ಥಳ, ಇಬ್ಬರು ವೇಷಧಾರಿಗಳು. ವಾದ ಮುಗಿದು ಚೆಂಡೆ ಏರುವ ಹೊತ್ತಿಗೆ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತಾರೆ. ಇಬ್ಬರೂ ಮಾತಿಗೆ ಕಟ್ಟುಬಿದ್ದಿದ್ದಾರೆ, ಯಾರೂ ಹಿಂದೆ ಸರಿಯುವಂತಿಲ್ಲ ಅಂತ ಎಲ್ಲರಿಗೂ ಗೊತ್ತು.

ಕನ್ನಡದಲ್ಲೂ ಇದು ಸಾಧ್ಯ, ಅದೂ ಕಡಿಮೆ ದುಡ್ಡಿನಲ್ಲಿ. 2024ರ 'ಬ್ಲಿಂಕ್' ಆ್ಯಕ್ಷನ್ ಸಿನಿಮಾ ಅಲ್ಲ, ಆದರೆ ಕಣ್ಣು ಮಿಟುಕಿಸುವುದಕ್ಕೂ ಕಾಲಪ್ರಯಾಣಕ್ಕೂ ನಂಟು ಹಾಕಿದ ಆ ಒಂದು ಯೋಚನೆಯಿಂದಲೇ ನಮ್ಮನ್ನು ಹಿಡಿದು ಕೂರಿಸಿತು. ಅಂಥ ಯೋಚನೆಯ ಸುತ್ತ ಒಂದೇ ಒಂದು ಒಳ್ಳೆಯ ಫೈಟು ಬರೆಯುವ ಕನ್ನಡದ ನಿರ್ದೇಶಕರಿಗಾಗಿ ನಾನು ಕಾಯುತ್ತಿದ್ದೇನೆ.

'ಕಲ್ಕಿ' ಮುಂದಿನ ಭಾಗಕ್ಕೂ ಕಾಯುತ್ತಿದ್ದೇನೆ. ಭೈರವನೇ ಕರ್ಣ ಅಂತ ಮೊದಲ ಭಾಗದ ಕೊನೆಯಲ್ಲಿ ಹೇಳಿಬಿಟ್ಟಿದ್ದಾರೆ. ಕರ್ಣ ಅಂದಮೇಲೆ ಅವನ ಶಾಪಗಳೂ ಬರಬೇಕು. ವಿದ್ಯೆ ಬೇಕಾದ ಹೊತ್ತಿಗೇ ಮರೆತುಹೋಗಬೇಕು. ಬುಜ್ಜಿ ಅವನ ರಥ ತಾನೆ? ಗಂಗೆ ಬತ್ತಿದ ಕಾಶಿಯಲ್ಲಿ ಮರಳಿಗೇನು ಬರ ಇಲ್ಲ. ಕಟ್ಟಕಡೆಯ ಯುದ್ಧದಲ್ಲಿ ಅದರ ಚಕ್ರ ಒಮ್ಮೆ ಹೂತುಹೋಗಲಿ, ಭೈರವ ಕೆಳಗಿಳಿದು ಬರಿಗೈಯಲ್ಲಿ ಅದನ್ನು ಎತ್ತಲಿ, ಅಷ್ಟರಲ್ಲಿ ಎದುರಾಳಿ ಬಿಲ್ಲು ಹೂಡಲಿ. ಅದಕ್ಕೆ ಗ್ರಾಫಿಕ್ಸ್ ಎಷ್ಟು ಬೇಕಾಗುತ್ತದೋ ಗೊತ್ತಿಲ್ಲ, ನಾನಂತೂ ಮೊದಲ ಶೋಗೇ ಟಿಕೆಟ್ ತೆಗೆಸುತ್ತೇನೆ.