ಗುಳಿಗೆಯ ಹೆಸರಿನ ಜೊತೆ ಪುಡಿಯ ಹೆಸರನ್ನೂ ಹೇಳಿ

ಎದೆಯುರಿಗೆ, ಹುಳಿತೇಗಿಗೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಿರುವವರು ನಮ್ಮ ಗದಗ ಸೀಮೆಯಲ್ಲಿ ಓಣಿ ಓಣಿಯಲ್ಲೂ ಸಿಗುತ್ತಾರೆ. ಅಂಥವರ ಮನೆಯ ಗೂಡಿನಲ್ಲಿ ಜ್ಯೇಷ್ಠಮಧುವಿನ ಪುಡಿಯೋ ಅವಿಪತ್ತಿಕರ ಚೂರ್ಣವೋ ಬಹುಮಟ್ಟಿಗೆ ಇದ್ದೇ ಇರುತ್ತದೆ. ಎರಡನ್ನೂ ಬಳಸುವುದಕ್ಕೆ ನನ್ನ ತಕರಾರಿಲ್ಲ. ವೈದ್ಯರ ಮುಂದೆ ಗುಳಿಗೆಯ ಹೆಸರನ್ನಷ್ಟೇ ಹೇಳಿ ಪುಡಿಯ ಸುದ್ದಿಯನ್ನೇ ಎತ್ತದೆ ಬರುವುದಕ್ಕೆ ಮತ್ತು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸುವುದಕ್ಕೆ ನನ್ನ ಬಲವಾದ ತಕರಾರಿದೆ.

ಮುಂಡರಗಿಯಲ್ಲಿರುವ ನನ್ನ ಅಕ್ಕನಿಗೆ ಬಿಪಿಯೂ ಇದೆ, ಎದೆಯುರಿಯೂ ಇದೆ. ಪ್ಯಾಂಟೊಪ್ರಜೋಲ್‌ನಿಂದ ಮೂತ್ರಪಿಂಡ ಹಾಳಾಗುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಅವಳು ಅದನ್ನು ಒಮ್ಮೆಗೇ ನಿಲ್ಲಿಸಿ, ಗ್ರಂಥಿಗೆ ಅಂಗಡಿಯಿಂದ ತರಿಸಿದ ಜ್ಯೇಷ್ಠಮಧುವಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯತೊಡಗಿದಳು. ಮೊದಲ ವಾರವೇ ಉರಿ ಇಮ್ಮಡಿಯಾಯಿತು. ರೋಗ ಬಲಿತಿದೆ ಎಂದುಕೊಂಡು ಪುಡಿಯನ್ನು ಹೆಚ್ಚಿಸಿದಳು. ಕೆಲವು ತಿಂಗಳಲ್ಲಿ ಉರಿಯೇನೋ ತಗ್ಗಿತು. ಆದರೆ ಪಾದಗಳು ಬಾತವು, ರಾತ್ರಿ ಮೀನಖಂಡ ಹಿಡಿದುಕೊಳ್ಳತೊಡಗಿತು, ಬಿಪಿ ಏರಿತು. ಬಿಪಿ ನೋಡುತ್ತಿದ್ದ ವೈದ್ಯರು ಗುಳಿಗೆಯ ಪ್ರಮಾಣವನ್ನು ಏರಿಸಿದರು.

ಹುಬ್ಬಳ್ಳಿಯ ಇನ್ನೊಬ್ಬ ವೈದ್ಯರು ‘ಮತ್ತೇನರ ತಗೋತೀರೇನ್ರಿ ಅಕ್ಕಾರ?’ ಎಂದು ಕೇಳಿದಾಗ ಅಕ್ಕ ‘ಏನೂ ಇಲ್ರಿ’ ಎಂದಳು. ಅವರು ಅಷ್ಟಕ್ಕೆ ಬಿಡದೆ ಕೈಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ಹೆಸರಿದ್ದ ಭಾಗವೇ ಕತ್ತರಿಗೆ ಹೋಗಿ ನಾಲ್ಕೈದು ಗುಳಿಗೆ ಉಳಿದ ಪಟ್ಟಿಗಳು, ದಾರ ಸುತ್ತಿದ ಹಳೆಯ ಪತ್ರಿಕೆಯ ಪೊಟ್ಟಣ, ಅದರ ಮೇಲೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಪೊಟ್ಟಣದ ಕಡೆ ನಾನು ನೋಡಿದಾಗ ಅಕ್ಕ ಮೆಲ್ಲಗೆ, ‘ಅದೇನು ಔಷಧೇನೋ ತಮ್ಮಾ, ಬರೇ ಬೇರಿನ ಪುಡಿ’ ಎಂದಳು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಬಹಳ ಇಳಿದಿತ್ತು.

ಆ ಬೇರಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ತೆಗೆದುಕೊಂಡರೆ ದೇಹವು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಅಕ್ಕನ ಬಿಪಿ ಗುಳಿಗೆಯಲ್ಲಿ ಹೈಡ್ರೊಕ್ಲೋರೋಥಿಯಾಜೈಡ್ ಸೇರಿತ್ತು. ಅದೂ ಪೊಟ್ಯಾಸಿಯಂ ಕಳೆಯುವ ಗುಳಿಗೆಯೇ. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಇದು ಹೊಸ ಸಂಗತಿಯೇನಲ್ಲ. ಇದೇ ಬೇರಿನ ಅಂಶದಿಂದ ತಯಾರಿಸಿದ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹೊಟ್ಟೆಯ ಹುಣ್ಣಿಗೆ ಕೊಡುತ್ತಿದ್ದರು. ಹುಣ್ಣು ಮಾಯುತ್ತಿತ್ತು, ಜೊತೆಗೆ ಬಿಪಿ ಏರುವುದು, ಪೊಟ್ಯಾಸಿಯಂ ಇಳಿಯುವುದು ಕಾಣಿಸುತ್ತಿತ್ತು. ಅಂದರೆ ಜ್ಯೇಷ್ಠಮಧುವಿಗೆ ಗುಣವಿದೆ. ಗುಣವಿರುವುದರಿಂದಲೇ ಅದಕ್ಕೆ ಅಳತೆ ಬೇಕು. ಕಪ್ಪತಗುಡ್ಡದ ಬುಡದಲ್ಲಿ ಬದುಕುವ, ಗಿಡಮೂಲಿಕೆಯ ಶಕ್ತಿಯನ್ನು ಕಂಡುಂಡ ನಾವೇ ‘ಬರೇ ಬೇರಿನ ಪುಡಿ’ ಎನ್ನುವುದು ಆಯುರ್ವೇದಕ್ಕೆ ಮಾಡುವ ಅಗೌರವ ಎಂದು ನನಗನಿಸುತ್ತದೆ. ಬಲ್ಲ ಆಯುರ್ವೇದ ವೈದ್ಯರು ಪ್ರಮಾಣ, ಅನುಪಾನ (ಯಾವುದರ ಜೊತೆ ತೆಗೆದುಕೊಳ್ಳಬೇಕು), ಪಥ್ಯ, ಎಷ್ಟು ದಿನ ಎಂಬುದನ್ನೆಲ್ಲ ಹೇಳಿಯೇ ಕೊಡುತ್ತಾರೆ; ಅಂಗಡಿಯ ಪೊಟ್ಟಣ ಏನನ್ನೂ ಹೇಳುವುದಿಲ್ಲ. ಅವಿಪತ್ತಿಕರ ಚೂರ್ಣದಲ್ಲಿ ಭೇದಿ ಮಾಡಿಸುವ ತಿಗಡೆ ಬೇರೂ ಸಕ್ಕರೆಯೂ ಸಾಕಷ್ಟಿರುತ್ತವೆ ಎಂಬುದು ಅದನ್ನು ದಿನವೂ ತಿನ್ನುವ ಎಷ್ಟು ಮಂದಿ ಮಧುಮೇಹಿಗಳಿಗೆ ಗೊತ್ತಿದೆ?

ಇನ್ನು ಗುಳಿಗೆ ಬಿಟ್ಟ ಮೊದಲ ವಾರ ಉರಿ ಇಮ್ಮಡಿಯಾದ ವಿಷಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಇವೆಲ್ಲ ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳನ್ನು ತಡೆಯುತ್ತವೆ. ತಿಂಗಳುಗಟ್ಟಲೆ ತಡೆದಾಗ, ಆಮ್ಲ ಸುರಿಸು ಎಂದು ಹೇಳುವ ಗ್ಯಾಸ್ಟ್ರಿನ್ ಹಾರ್ಮೋನು ರಕ್ತದಲ್ಲಿ ಏರಿರುತ್ತದೆ. ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಕೆಲವು ವಾರಗಳ ಕಾಲ ಮೊದಲಿಗಿಂತಲೂ ಹೆಚ್ಚು ಆಮ್ಲ ಬರುತ್ತದೆ. ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಇದೇ ಬಗೆಯ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ ಅವರಲ್ಲಿ ಅನೇಕರಿಗೆ ಹೊಸದಾಗಿ ಎದೆಯುರಿ ಬಂದದ್ದನ್ನು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ಬಿಟ್ಟ ಕೂಡಲೇ ಬಂದ ಉರಿಯನ್ನು ನೋಡಿ ರೋಗ ಬಲಿಯಿತು ಎನ್ನಲಾಗದು. ಅದೇ ಹೊತ್ತಿನಲ್ಲಿ ಶುರುಮಾಡಿದ ಪುಡಿ ಕೆಲಸ ಮಾಡಿತೋ ಇಲ್ಲವೋ ಎಂಬುದೂ ತಿಳಿಯದು. ಒಮ್ಮೆಗೆ ಒಂದೇ ಬದಲಾವಣೆ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಹಲವು ವೈದ್ಯರು ಮೊದಲು ಪ್ರಮಾಣವನ್ನು ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಕೊಟ್ಟು, ನಡುವೆ ಬೇಕಾದರೆ ಆಮ್ಲ ತಗ್ಗಿಸುವ ಬೇರೆ ಬಗೆಯ ಗುಳಿಗೆಯಾದ ಫ್ಯಾಮೊಟಿಡಿನ್ ಸೇರಿಸಿ ಬಿಡಿಸುತ್ತಾರೆ. ಅಕ್ಕನಿಗೂ ಪುಡಿಯನ್ನು ನಿಲ್ಲಿಸಿ, ಪೊಟ್ಯಾಸಿಯಂ ಸರಿಹೋದ ಮೇಲೆ ಹಾಗೆಯೇ ಮಾಡಿದರು.

ಎಲ್ಲರೂ ಬಿಡಬೇಕೆಂದೂ ಇಲ್ಲ. ದೀರ್ಘಕಾಲದ ಬಳಕೆಯಿಂದ ಬಿ12, ಮ್ಯಾಗ್ನೀಷಿಯಂ ಕಡಿಮೆಯಾಗಬಹುದು, ಅಪರೂಪಕ್ಕೆ ಮೂತ್ರಪಿಂಡದಲ್ಲಿ ಉರಿಯೂತವೂ ಆಗಬಹುದು; ಹಾಗೆಂದು ಅನ್ನನಾಳದಲ್ಲಿ ಹುಣ್ಣಾದವರು, ಮೊದಲೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವವಾಗಿ ಈಗ ಆಸ್ಪಿರಿನ್ ಮೇಲಿರುವವರು ತಾವಾಗಿ ಬಿಡುವುದು ದೊಡ್ಡ ಅಪಾಯ. ಹೃದಯಕ್ಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್ ಹೊಂದುವುದಿಲ್ಲ, ಕ್ಲೊಪಿಡೊಗ್ರೆಲ್‌ನ ಪರಿಣಾಮವನ್ನೇ ತಗ್ಗಿಸುತ್ತದೆ. ಅಂಗಡಿಯವರು ಎಲ್ಲ ಒಂದೇ ಎಂದು ಬದಲಿಸಿ ಕೊಟ್ಟರೆ ಒಪ್ಪಬಾರದು.

ಬೆಳಗಿನ ನಾಷ್ಟಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕಾದ ಈ ಗುಳಿಗೆಯನ್ನು ಊಟವಾಗಿ ಉರಿ ಬಂದ ಮೇಲೆ ನುಂಗಿ, ‘ಇದು ನಡೆಯುವುದಿಲ್ಲ’ ಎಂದು ಬದಲಿಸುವವರೂ ಬಹಳ. ಊಟದ ವಿಷಯದಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನೇ ಬೈಯುವುದು ನನಗೆ ಸರಿಕಾಣದು, ಅದರಲ್ಲಿ ಖಾರಕ್ಕಿಂತ ಬಣ್ಣವೇ ಹೆಚ್ಚು. ಸಂಜೆಯ ಮಿರ್ಚಿಯ ಎಣ್ಣೆ, ರಾತ್ರಿ ಹತ್ತಕ್ಕೆ ಸಾವಜಿ ಖಾನಾವಳಿಯ ಹೊಟ್ಟೆತುಂಬ ಊಟ, ಬಂದವರೇ ಮಲಗುವುದು, ಇವನ್ನು ಬಿಟ್ಟು ಮಲಗುವ ಮೂರು ತಾಸು ಮುಂಚೆ ಉಂಡರೆ, ಮಂಚದ ತಲೆಯ ಕಡೆ ಇಟ್ಟಿಗೆ ಇಟ್ಟು ಎತ್ತರಿಸಿದರೆ ಎಷ್ಟೋ ಜನಕ್ಕೆ ಗುಳಿಗೆಯೇ ಕಡಿಮೆಯಾದೀತು. ನುಂಗಲು ತೊಂದರೆ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಪುಡಿಯೂ ಬೇಡ, ಗುಳಿಗೆ ಬದಲಾವಣೆಯೂ ಬೇಡ, ಎಂಡೋಸ್ಕೋಪಿಗೆ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಸೋಡಾ ಕುಡಿದು ಕಾಯದೆ ಕೂಡಲೇ ಇಸಿಜಿ ಮಾಡಿಸಿ.

ಔಷಧ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ: ಪಟ್ಟಿ ಕತ್ತರಿಸುವಾಗ ಹೆಸರು, ಅವಧಿ ಮುಗಿಯುವ ತಾರೀಖು ಇರುವ ಭಾಗವನ್ನು ರೋಗಿಯ ಕೈಗೇ ಕೊಡಿ. ಗ್ರಂಥಿಗೆ ಅಂಗಡಿಯವರು ಪೊಟ್ಟಣದ ಮೇಲೆ ಪೆನ್ನಿನಿಂದ ಬೇರಿನ ಹೆಸರನ್ನಾದರೂ ಬರೆಯಿರಿ. ವೈದ್ಯರು, ಅಲೋಪಥಿಯವರಿರಲಿ ಆಯುರ್ವೇದದವರಿರಲಿ, ‘ಔಷಧ ಏನು ತಗೋತೀರಿ’ ಎಂದು ಕೇಳಿದ ಮೇಲೆ ‘ಪುಡಿ, ಕಷಾಯ, ಲೇಹ್ಯ?’ ಎಂದೂ ಹೆಸರಿಟ್ಟು ಕೇಳಿ. ನನ್ನ ಅಕ್ಕನಂಥವರು ಆಗ ‘ಹೌದ್ರಿ’ ಎನ್ನುತ್ತಾರೆ.