ಡಬ್ಬಿ ಮೇಲಿನ ಬಾರ್ ನೋಡಿ ಕಾಫಿ ಮಷಿನ್ ತಗೋಬೇಡಿ

ಹುಬ್ಬಳ್ಳಿ-ಧಾರವಾಡದವರು ಚಹಾ ಮಂದಿ, ನಿಜ. ಆದರೂ ಈಚೆಗೆ ಕಾಫಿ ಮಷಿನ್ ಕೊಳ್ಳುವ ಗೆಳೆಯರು "ಯಾವುದು ಚಲೋ ಐತ್ರಿ?" ಅಂತ ನನ್ನನ್ನು ಕೇಳುತ್ತಾರೆ. ಎಲ್ಲರಿಗೂ ಸೇರಿ ಇಲ್ಲೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಮೊದಲು ತೋರಿಸುವುದೇ "15 ಬಾರ್, 20 ಬಾರ್". ಬಾರ್ ಅಂದರೆ ಒತ್ತಡದ ಅಳತೆ. ಎಸ್ಪ್ರೆಸೊಗೆ, ಅಂದರೆ ಬಿಸಿನೀರನ್ನು ಒತ್ತಿ ಹಾಯಿಸಿ ಇಳಿಸುವ ಗಟ್ಟಿ ಕಾಫಿಗೆ, ಪುಡಿಯ ಮೇಲೆ ಬೀಳಬೇಕಾದ ಒತ್ತಡ ಸುಮಾರು 9 ಬಾರ್ ಅಷ್ಟೇ. ಉಳಿದದ್ದು ಪಂಪಿನ ತಾಕತ್ತು, ರುಚಿಗೂ ಅದಕ್ಕೂ ಸಂಬಂಧ ಇಲ್ಲ. ನೊರೆ ನೋಡಿಯೂ ಮರುಳಾಗಬೇಡಿ. ಅಗ್ಗದ ಮಷಿನ್‌ಗಳಲ್ಲಿ ಪುಡಿ ಹಾಕುವ ಜಾಲರಿಗೆ ಎರಡು ತಳ ಇರುತ್ತದೆ, ಕೆಳಗಿನ ತಳಕ್ಕೆ ಒಂದೇ ಸಣ್ಣ ತೂತು. ಅದರಿಂದ ಚಿಮ್ಮಿ ಬಂದರೆ ಹಳೇ ಪುಡಿಯೂ ನೊರೆ ಕಟ್ಟುತ್ತದೆ.

ನಿಯತ್ತಾಗಿ ಹೋಲಿಸುವವರು ಎಲ್ಲ ಮಷಿನ್‌ಗೂ ಒಂದೇ ಬೀಜ, ಒಂದೇ ತೂಕ ಇಡುತ್ತಾರೆ. 18 ಗ್ರಾಂ ಪುಡಿಗೆ ಕಪ್‌ಗೆ ಇಳಿಯುವ ಕಾಫಿ 36 ಗ್ರಾಂ, 25ರಿಂದ 30 ಸೆಕೆಂಡ್: ಇದು ಸಾಮಾನ್ಯ ಅಳತೆ. ಪುಡಿಯ ಹತ್ತಿರವೇ ಶಾಖ ಅಳೆಯುವ ಸಣ್ಣ ತಂತಿ ಇಟ್ಟು ನೀರಿನ ಶಾಖ ನೋಡುತ್ತಾರೆ. ಅದು 90ರಿಂದ 96 ಡಿಗ್ರಿ ಒಳಗೆ ನಿಲ್ಲಬೇಕು. ಮೊದಲ ಕಪ್‌ನಲ್ಲಿ ನಿಂತರೆ ಸಾಲದು. ಮನೆಗೆ ಬೀಗರು ಬಂದಾಗ ಬೆನ್ನುಬೆನ್ನಿಗೆ ಇಳಿಸಿದ ಮೂರನೇ ಕಪ್ ಹೇಗಿದೆ? ನಾನು ನೋಡುವುದು ಅದನ್ನೇ.

ಇನ್ನು ಚಿಕೋರಿ. ಪುಡಿಯಲ್ಲಿ 49% ತನಕ ಬೆರೆಸಲು ಕಾನೂನು ಒಪ್ಪುತ್ತದೆ. ಚಿಕೋರಿ ಕಾಫಿಗಿಂತ ಬಹಳ ಸುಲಭವಾಗಿ ಕರಗುತ್ತದೆ, ಕಪ್ಪಗೆ ಗಟ್ಟಿಯಾಗಿ ಇಳಿಯುತ್ತದೆ. ಹಾಗಾಗಿ ಕೆಟ್ಟ ಮಷಿನ್ ಕೂಡ ಪಾಸಾಗಿಬಿಡುತ್ತದೆ. ಮಷಿನ್ ಪರೀಕ್ಷೆಗೆ ಶುದ್ಧ ಕಾಫಿಯೇ ಸರಿ. ಆಮೇಲೆ ಬೇಕಾದ ಪುಡಿ ಹಾಕಿಕೊಳ್ಳಿ.

ನನ್ನ ದೊಡ್ಡ ತಕರಾರು ನೀರಿನದು. ವಿಡಿಯೋ ಮಾಡುವವರು ಬಾಟಲಿ ನೀರು ಹಾಕಿ ಒಂದು ವಾರದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಮಲಪ್ರಭೆ ನೀರು ದಿನಾ ಎಲ್ಲಿ ಬರುತ್ತದೆ? ಬಾರದ ದಿನ ಬೋರ್ ನೀರೇ ಗತಿ. ದುರ್ಗದ ಬೈಲ್ ಹತ್ತಿರ ರಿಪೇರಿ ಮಾಡುವವರೊಬ್ಬರು ಮಷಿನ್ ಬಿಚ್ಚಿ ತೋರಿಸಿದ್ದರು. ನೀರು ಹೋಗುವ ಕೊಳವೆಯಲ್ಲಿ ಗಡಸು ನೀರಿನ ಬಿಳೀ ಪದರ ಎಷ್ಟು ಕಟ್ಟಿತ್ತೆಂದರೆ, ಟೂತ್‌ಪಿಕ್ ಹೋಗುವಷ್ಟೂ ಜಾಗ ಉಳಿದಿರಲಿಲ್ಲ. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ಮಷಿನ್‌ಗೆ 200 ಕೂಡ ಜಾಸ್ತಿಯೇ. ಪೂರ್ತಿ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ. ನಾನು ಆರ್‌ಒ ನೀರು, ಗಡಸು ನೀರು ಎರಡನ್ನೂ ಬೆರೆಸುತ್ತೇನೆ, ಪದರ ಕರಗಲೆಂದು ಆಗಾಗ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಹಾಯಿಸುತ್ತೇನೆ. ಗಡಸು ನೀರಲ್ಲಿ ಆರು ತಿಂಗಳು ಓಡಿಸಿ ಆಮೇಲೆ ಶಾಖ ಅಳೆದು ತೋರಿಸುವ ಒಬ್ಬರಾದರೂ ಬೇಡವೇ?

ಹಾಲಿನದೂ ಅದೇ ಕಥೆ. ಹಾಲನ್ನು 60–65 ಡಿಗ್ರಿಗೆ ಬಿಸಿ ಮಾಡಿ "ಸ್ಟೀಮ್ ಚೆನ್ನಾಗಿದೆ" ಅನ್ನುತ್ತಾರೆ. ನಮ್ಮ ಮನೆಯ ಹಿರಿಯರಿಗೆ ಅದು ಆರಿದ ಕಾಫಿ. ಎಮ್ಮೆ ಹಾಲು ಹಾಕಿ ಯಾರೂ ನೋಡುವುದೇ ಇಲ್ಲ.

ಅದಕ್ಕೇ ಹೇಳುವುದು, ಅಂಗಡಿಗೆ ಹೋಗುವಾಗ ನಿಮ್ಮ ಪುಡಿ, ನಿಮ್ಮ ಹಾಲು ಒಯ್ಯಿರಿ. ಮೂರು ಕಪ್ ಬೆನ್ನುಬೆನ್ನಿಗೆ ಮಾಡಿಸಿ ಕುಡಿಯಿರಿ. ನೀರಿನ ಟ್ಯಾಂಕ್, ಜಾಲರಿ ಸಲೀಸಾಗಿ ಬಿಚ್ಚಲು ಬರುತ್ತದಾ, ಬಿಡಿಭಾಗ ಹುಬ್ಬಳ್ಳಿಯಲ್ಲೇ ಸಿಗುತ್ತದಾ ಕೇಳಿ. ಒಲ್ಲೆ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ.