ಯಾವ ಕಾಲು, ಅಪ್ಪ?

ನಮ್ಮೂರ ಅಂಚೆ ಕಚೇರಿಯಲ್ಲಿ 5 ರೂಪಾಯಿ ನಾಣ್ಯ ಇಟ್ಟರೆ ಎರಡು ಇನ್‌ಲ್ಯಾಂಡ್ ಲೆಟರ್ ಕೊಡುತ್ತಾರೆ. ಒಂದಕ್ಕೆ ಎರಡೂವರೆ ರೂಪಾಯಿ. ಒಂದೇ ಸಾಕು ಅಂದರೆ ಐವತ್ತು ಪೈಸೆ ಚಿಲ್ಲರೆಯ ಪಂಚಾಯಿತಿ ಶುರುವಾಗುತ್ತದೆ. ದೇವರು ನಮಗೆ ಇಬ್ಬರು ಮಕ್ಕಳನ್ನು ಕೊಟ್ಟದ್ದು ಈ ಲೆಕ್ಕ ನೋಡಿಯೇ ಇರಬೇಕು.

ಮಗಳು ಮೈಸೂರಿನಲ್ಲಿ ಸೆಕೆಂಡ್ ಪಿಯುಸಿ, ಮಗ ಮಂಗಳೂರು ಕಡೆ ಒಂಬತ್ತನೇ ಕ್ಲಾಸು. ಇಬ್ಬರೂ ಹಾಸ್ಟೆಲ್. ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ಭಾನುವಾರ ಸಂಜೆ ವಾರ್ಡನ್ ಫೋನಿನಲ್ಲಿ ತಲೆಗೆ ಹತ್ತು ನಿಮಿಷ. ನಮ್ಮದು ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ. ಜೂನ್ ಬಂತೆಂದರೆ ಗಾಳಿಗೆ ಮರ ಬಿದ್ದು ಲೈನ್ ಹರಿಯುತ್ತದೆ, ಕರೆಂಟು ವಾಪಸ್ ಬರುವುದು ಅದಕ್ಕೆ ಮನಸ್ಸು ಬಂದಾಗ. ಟವರಿನ ಬ್ಯಾಟರಿ ಅಷ್ಟರೊಳಗೆ ಪ್ರಾಣ ಬಿಟ್ಟಿರುತ್ತದೆ. ಸಿಕ್ಕ ಹತ್ತು ನಿಮಿಷದಲ್ಲಿ ಎಂಟು ನಿಮಿಷ "ಹಲೋ, ಕೇಳ್ತಿದ್ಯಾ", ಉಳಿದ ಎರಡು ನಿಮಿಷ "ಊಟ ಆಯ್ತಾ". ಹೀಗಾದರೆ ಮಕ್ಕಳಿಗೆ ಅಪ್ಪನ ಮಾರ್ಗದರ್ಶನ ಸಿಗುವುದು ಯಾವಾಗ ಎಂದು ನಾನೇ ಭಾನುವಾರಕ್ಕೊಂದು ಪತ್ರ ಬರೆಯಲು ಕೂತೆ.

ಜುಲೈಯಲ್ಲಿ ಇನ್‌ಲ್ಯಾಂಡ್ ತಂದು ಮೂರು ದಿನ ಮೇಜಿನ ಮೇಲೆ ಬಿಟ್ಟರೆ, ಬರೆಯುವ ಮೊದಲೇ ತಾನಾಗಿ ಅಂಟಿಕೊಂಡು ಕೂತಿರುತ್ತದೆ. ಉಪ್ಪು ನೀರಾಗಿ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರಿ, ಚಪ್ಪಲಿಗೆಲ್ಲ ಬೂಷ್ಟು ಹತ್ತುವ ಕಾಲದಲ್ಲಿ ಅಂಚೆಯವರ ಗೋಂದು ಮಾತ್ರ ಒಣಗಿರಬೇಕೆಂದರೆ ಆಗುತ್ತದೆಯೇ? ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆಗಳ ಜೊತೆ ಒಣಗಿಸಿ, ಚಾಕುವಿನ ಬೆನ್ನಿನಿಂದ ಮೆಲ್ಲಗೆ ಬಿಡಿಸಿ, ಬರೆದು, ಕೊನೆಗೆ ಅನ್ನದ ಅಗುಳು ಹಿಸುಕಿ ಮುಚ್ಚುತ್ತೇನೆ. ಪತ್ರ ಬಂತೆಂದು ಮಗಳ ರೂಮಿನವರಿಗೆ ಹೊಗೆ ವಾಸನೆಗೇ ಗೊತ್ತಾಗುತ್ತದಂತೆ.

ಬರೆಯಲು ಕೂತಾಗ ನಾನೊಂದು ನಿಯಮ ಹಾಕಿಕೊಂಡಿದ್ದೆ. ಮನೆ ಸುದ್ದಿಯಲ್ಲಿ ನನ್ನ ಎಡವಟ್ಟುಗಳು ಬರಕೂಡದು. ಓದುವ ಮಕ್ಕಳ ಮನಸ್ಸು ಕೆಡಬಾರದು, ಅಪ್ಪ ಎನ್ನುವ ಹುದ್ದೆಗೂ ಒಂದಿಷ್ಟು ತೂಕ ಬೇಡವೇ? ಆದರೆ ಪೆಟ್ಟು ತಿಂದು ಕಲಿತದ್ದು ವ್ಯರ್ಥವಾಗಲೂ ಬಾರದು. ಹಾಗಾಗಿ ಘಟನೆಯನ್ನು ಬಿಟ್ಟು ಸಾರ ಮಾತ್ರ ಹಿಂಡಿ ಉಪದೇಶವಾಗಿ ಕಳಿಸತೊಡಗಿದೆ.

ಮಾರ್ಚಿನಲ್ಲಿ ಕರಿಮೆಣಸು ಕುಯ್ಲು. ಸಿಲ್ವರ್ ಮರಕ್ಕೆ ಏಣಿ ಒರಗಿಸಿ, ಮೇಲೆ ಹತ್ತಿ, ಪಕ್ಕದ ಬಳ್ಳಿಯಲ್ಲಿ ನಾಲ್ಕು ಗೊನೆ ಕಂಡಿತೆಂದು ಕೈ ಚಾಚಿದೆ. ಕೈ ಬಳ್ಳಿ ಕಡೆ ಹೋಯಿತು, ಏಣಿ ತನ್ನ ಪಾಡಿಗೆ ಇನ್ನೊಂದು ಕಡೆ ಹೋಯಿತು. ನಾನು ಯಾವ ಕಡೆಗೂ ಸೇರದೆ ನೇರ ಕೆಳಗೆ ಬಂದೆ. ಅರೇಬಿಕಾ ಕಾಫಿ ಗಿಡ ಹಿಡಿದುಕೊಂಡಿತು ಅನ್ನಿ. ಗಿಡ ಮುರಿಯಿತು, ಕಾಲು ಉಳುಕಿತಷ್ಟೇ. ಆ ಭಾನುವಾರ ಮಗಳಿಗೆ ಬರೆದೆ: "ವಿದ್ಯಾರ್ಥಿ ಜೀವನದಲ್ಲಿ ಆತುರ ಸಲ್ಲದು. ಏಣಿ ಹತ್ತುವಾಗ ಕೆಳಗೆ ಒಬ್ಬರು ಹಿಡಿದುಕೊಂಡಿರಬೇಕು. ಕೈಗೆ ಎಟುಕದ್ದಕ್ಕೆ ಚಾಚಬಾರದು."

ವಾರದಲ್ಲಿ ಉತ್ತರ ಬಂತು. ಐವತ್ತು ಪೈಸೆಯ ಪೋಸ್ಟ್‌ಕಾರ್ಡು, ಅದರಲ್ಲಿ ಒಂದೇ ಸಾಲು: "ಯಾವ ಕಾಲು, ಅಪ್ಪ?"

ಪೋಸ್ಟ್‌ಕಾರ್ಡಿನ ಕಷ್ಟ ಏನೆಂದರೆ ಅದನ್ನು ದಾರಿಯಲ್ಲಿ ಎಲ್ಲರೂ ಓದಿಕೊಂಡೇ ತರುತ್ತಾರೆ. ನಮ್ಮ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನಿಂತು ನನ್ನ ನಡಿಗೆಯನ್ನು ಒಮ್ಮೆ ನೋಡಿ, "ಎಡಗಾಲು ಅಂತ ಬರೆದುಬಿಡಿ ಸಾರ್" ಎಂದು ಹೋದರು.

ಅಲ್ಲಿಂದ ಮುಂದೆ ಮಕ್ಕಳಿಗೆ ಕೀಲಿ ಸಿಕ್ಕಿತು. ರಾತ್ರಿ ಹೊತ್ತು ಜೀಪಿನಲ್ಲಿ ಹಲಸಿನ ಹಣ್ಣು ಬಿಡಬಾರದು ಎಂದು ಬರೆದೆ. ಮಗ ಕೇಳಿದ, "ಆನೆ ಎಷ್ಟು ಗಂಟೆಗೆ ಬಂತು? ಟಾರ್ಪಾಲ್ ಮಾತ್ರ ಹೋಯ್ತಾ, ಗಾಜೂ ಹೋಯ್ತಾ?" ಬೆಂಕಿ ಮುಂದೆ ಬಟ್ಟೆ ಒಣಹಾಕಿ ತೂಕಡಿಸಬಾರದು ಎಂದದ್ದಕ್ಕೆ ಮಗಳು, "ಚಿಕ್ಕಪ್ಪನ ಮದುವೆಗೆ ಹೊಲಿಸಿದ ಪ್ಯಾಂಟಾ?" ಅಂದಳು. ಅದೇ ಪ್ಯಾಂಟು.

"ಹಾಸ್ಟೆಲಲ್ಲಿ ಏಣಿನೂ ಇಲ್ಲ, ಜೀಪೂ ಇಲ್ಲ, ಒಲೆನೂ ಇಲ್ಲ. ಮನೆ ಸುದ್ದಿ ಬರೀರಿ ಅಂದ್ರೆ ಇದೇನ್ರೀ?" ಎನ್ನುವುದು ನನ್ನ ಹೆಂಡತಿಯ ದೂರು. ಪತ್ರದ ಕೊನೆಯಲ್ಲಿ ಎರಡು ಬೆರಳಗಲ ಜಾಗ ಅವಳಿಗೆ ಬಿಡುತ್ತೇನೆ. ಅಷ್ಟರಲ್ಲೇ ಅವಳು ಇಡೀ ಮನೆಯನ್ನು ತುಂಬಿಸುತ್ತಾಳೆ: "ಗೌರಿ ಕರು ಹಾಕಿತು, ಹೆಣ್ಣು. ಅಜ್ಜಿ ಕನ್ನಡಕ ಸಿಕ್ಕಿತು, ಅಕ್ಕಿ ಡಬ್ಬದಲ್ಲಿ. ಕಣಿಲೆ ಉಪ್ಪಿನಕಾಯಿ ಹಾಕಿದ್ದೇನೆ, ಬಂದವರ ಹತ್ತಿರ ಕಳಿಸುತ್ತೇನೆ. ಅಪ್ಪ ಚೆನ್ನಾಗಿದ್ದಾರೆ, ನಂಬಬೇಡಿ." ನಾನು ಒಂದೂವರೆ ಪುಟ ಬರೆದದ್ದು ಯಾರಿಗೂ ನೆನಪಿರುವುದಿಲ್ಲ, ಈ ಎರಡು ಬೆರಳಿನದು ರೂಮಿನವರಿಗೆಲ್ಲ ಬಾಯಿಪಾಠ.

ಪೂರ್ತಿ ನನ್ನ ಸ್ವಾಧೀನದಲ್ಲಿದ್ದ ಒಂದೇ ಸುದ್ದಿ ಎಂದರೆ ಮಳೆ. ಕೊಡಗಿನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮ ಸಮಾಚಾರಕ್ಕೆ ಮೊದಲು "ನಿಮ್ಮಲ್ಲಿ ಎಷ್ಟು ಬಂತು?" ಎಂದೇ ಕೇಳುವುದು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಾವಿನ್ನೂ ಇಂಚು, ಸೆಂಟಿನಲ್ಲೇ ಇದ್ದೇವೆ. ನೂರು ಸೆಂಟಿಗೆ ಒಂದು ಇಂಚು. ಮೈಸೂರಿಗೆ ವರ್ಷವಿಡೀ ಬೀಳುವುದು ಮೂವತ್ತು ಇಂಚು ಚಿಲ್ಲರೆ. ನಮ್ಮ ಕಡೆ ಜುಲೈ ಒಂದೇ ತಿಂಗಳಲ್ಲಿ ಅಷ್ಟನ್ನು ದಾಟುವುದು ಹೊಸದೇನಲ್ಲ. ಈ ವಿಷಯದಲ್ಲಿ ನಮಗೆ ಸಣ್ಣದೊಂದು ಜಂಭವೂ ಉಂಟು. ಮೋಡಕ್ಕೆ ನಾವೇ ಸಂಬಳ ಕೊಟ್ಟು ಇಟ್ಟುಕೊಂಡ ಹಾಗೆ.

ಈ ಸಲ ಒಂದು ಬೆಳಿಗ್ಗೆ ರೈನ್‌ಗೇಜ್ ತೆಗೆದು ಅಳೆದೆ. 9 ಇಂಚು 40 ಸೆಂಟು! ಕೈ ನಡುಗಿತು. ಇಬ್ಬರು ಮಕ್ಕಳಿಗೂ ದೊಡ್ಡ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು, ಅಂಚೆಗೆ ಹಾಕಿ, ಅಂಗಡಿ ಮುಂದೆ ನಿಂತು ಘೋಷಿಸಿದೆ. ಎರಡು ಫರ್ಲಾಂಗು ದೂರದ ತೋಟದವರು ಅಲ್ಲೇ ಬೀಡಿ ಸೇದುತ್ತಿದ್ದರು. "ನಂದು 4 ಇಂಚು 10 ಸೆಂಟು. ನಿಮ್ಮನೆ ಮೇಲೆ ಮಾತ್ರ ಮೋಡ ಒಡೀತೇನೋ" ಎಂದರು. ಮನೆಗೆ ಬಂದು ತಲೆ ಎತ್ತಿ ನೋಡಿದೆ. ಜೂನಿನಲ್ಲಿ ಜಗಲಿಗೆ ಇಳಿಸಿ ಕಟ್ಟಿಸಿದ ಹೊಸ ಶೀಟಿನ ಮೂಲೆ ಸರಿಯಾಗಿ ಗೇಜಿನ ನೆತ್ತಿಯ ಮೇಲೆ ಚಾಚಿಕೊಂಡಿತ್ತು. ಗಾಳಿ ಇಲ್ಲದ ದಿನ ನೀರೆಲ್ಲ ಆಚೆ ಬೀಳುತ್ತಿತ್ತು, ಆವತ್ತು ಗಾಳಿ ಇತ್ತು.

ನಗು ಅಲ್ಲಿಗೆ ಮುಗಿಯಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದದ್ದನ್ನು ನನ್ನ ಮಗಳು ಪೇಪರಿನಲ್ಲಿ ಓದಿ ತಿಳಿದವಳಲ್ಲ. ಮಾದಾಪುರ ಕಡೆಯ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ಬಂದು ಇದೇ ಜಗಲಿಯಲ್ಲಿ ಎರಡು ತಿಂಗಳು ಮಲಗಿದ್ದನ್ನು ನೋಡಿದವಳು. ಮಳೆಗಾಲದ ಭಾನುವಾರ ಅವಳ ಮೊದಲ ಪ್ರಶ್ನೆ ಊಟದ್ದಲ್ಲ, "ಹಿಂದಿನ ಗುಡ್ಡ ಹೇಗಿದೆ?" ಅಂತಹವಳ ಕೈಗೆ ಅಪ್ಪ ಅಡಿಗೆರೆ ಎಳೆದು 9 ಇಂಚು ಎಂದು ಬರೆದು ಕಳಿಸಿದ್ದಾನೆ. ವಾರ್ಡನ್ ಹತ್ತಿರ ಅತ್ತಿದ್ದಾಳೆ. ಮನೆಗೆ ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ. ಸೋಮವಾರಪೇಟೆಯಲ್ಲಿ ನಾವು ಗೊಬ್ಬರ ತರುವ ಅಂಗಡಿಯ ನಂಬರು ಹೇಗೋ ನೆನಪಿತ್ತಂತೆ, ಅಲ್ಲಿಗೆ ಮಾಡಿಸಿದ್ದಾಳೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿ ಹುಡುಗ ರೈನ್‌ಕೋಟಿನಲ್ಲಿ ನೀರಿಳಿಸಿಕೊಂಡು ಬೈಕಿನಲ್ಲಿ ಬಂದ. ನಾನು ಜಗಲಿಯಲ್ಲಿ ಕೂತು ಸುಟ್ಟ ಹಲಸಿನ ಬೀಜ ಸುಲಿಯುತ್ತಿದ್ದೆ. ಹುಡುಗ ನನ್ನನ್ನು ನೋಡಿದ, ಮನೆ ನೋಡಿದ, ಹಿಂದಿನ ಗುಡ್ಡವನ್ನು ಬುಡದಿಂದ ತುದಿಯವರೆಗೆ ನೋಡಿದ. "ಇದೆಯಾ ಅಂತ ನೋಡ್ಕೊಂಡು ಬಾ ಅಂದ್ರು" ಎಂದ. ಬೀಜ ಕೊಟ್ಟೆ. ಅವನು ಎರಡು ತಿಂದು, ನಾಲ್ಕು ಜೇಬಿಗೆ ಹಾಕಿಕೊಂಡು ಹೋದ.

"ಏನನ್ನೇ ಅಳೆದರೂ ಮೊದಲು ತಲೆ ಎತ್ತಿ ನೋಡಬೇಕು" ಎಂದು ಆ ಭಾನುವಾರ ಬರೆದೆ. "ಹಂಚಾ, ಶೀಟಾ?" ಎಂದು ಮಗಳ ಕಾರ್ಡು ಬಂತು. ಮಳೆ ಖಾತೆಯನ್ನೂ ಹೆಂಡತಿ ವಹಿಸಿಕೊಂಡಳು.

ನನಗೆ ಉಳಿದದ್ದು ಉಪದೇಶ ಒಂದೇ. ಅದರಲ್ಲೂ ಕೈ ಸುಟ್ಟುಕೊಂಡದ್ದು ಒಂದು ಜಿಗಣೆಯಿಂದ. ಒಂದು ರಾತ್ರಿ ಮೇಣದಬತ್ತಿ ಬೆಳಕಿನಲ್ಲಿ ಎರಡೂ ಪತ್ರ ಮುಗಿಸಿ ಮಡಚುವ ಹೊತ್ತಿಗೆ ಕಾಲು ತುರಿಸಿತು. ತೋಟದಿಂದ ಕಾಲುಚೀಲದೊಳಗೆ ಬಂದ ಜಿಗಣೆ ದ್ರಾಕ್ಷಿ ಹಣ್ಣಿನ ಹಾಗೆ ಊದಿತ್ತು. ಕಿತ್ತು ಎಸೆದೆ. ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಒರೆಸಿದ ಕೈಯಲ್ಲೇ ಪತ್ರ ಮುಟ್ಟಿ, ಗಡಿಬಿಡಿಯಲ್ಲಿ ಅಗುಳು ಹಚ್ಚಿ, ವಿಳಾಸ ಬರೆದೆ. ಅದಲು ಬದಲಾಯಿತು.

ಮಗಳಿಗೆ ಗುಟ್ಟಾಗಿ ಬರೆದದ್ದು ಮಗನ ಕೈಗೆ ಹೋಯಿತು: "ಇದು ನಿನ್ನಲ್ಲೇ ಇರಲಿ. ನಿನ್ನ ತಮ್ಮನಿಗೆ ಲೆಕ್ಕದಲ್ಲಿ 34. ದಸರಾ ರಜೆಗೆ ಬಂದಾಗ ಮೊದಲ ಎರಡು ದಿನ ಮಾತಾಡಿಸುವುದಿಲ್ಲ. ಮೂರನೇ ದಿನ ಹೊಸ ಸೈಕಲ್ ಕೊಡಿಸೋಣ. ಪಾಪ, ಉದ್ದ ಆಗಿದ್ದಾನೆ, ಹಳೆಯದರಲ್ಲಿ ಮೊಣಕಾಲು ಹ್ಯಾಂಡಲ್‌ಗೆ ತಾಗುತ್ತದೆ."

ಮಗನಿಗೆ ಬರೆದದ್ದು ರಕ್ತದ ಬೆರಳಚ್ಚು ಸಮೇತ ಮೈಸೂರಿಗೆ ಹೋಯಿತು. ಅದರಲ್ಲಿ, "ಅಕ್ಕನನ್ನು ನೋಡಿ ಕಲಿ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತಾಳೆ" ಎಂದಿತ್ತು. ಅಪ್ಪ ರಕ್ತದಲ್ಲಿ ಪತ್ರ ಬರೆದಿದ್ದಾರೆಂದು ಹಾಸ್ಟೆಲಿನ ಒಂದು ಮಹಡಿಯೇ ಬಂದು ನೋಡಿಕೊಂಡು ಹೋಯಿತಂತೆ. ಮಗಳು ಕೇಳಿದ್ದು ಇಷ್ಟೇ: "ಐದಕ್ಕೆ ಏಳುವ ಆ ಅಕ್ಕ ಯಾರಪ್ಪ? ನನಗೂ ಪರಿಚಯ ಮಾಡಿಸಿ."

ಮಗನ ಕಾರ್ಡಿನಲ್ಲಿ ವ್ಯವಹಾರ ಮಾತ್ರ. "ಎರಡು ದಿನ ಮಾತಾಡದೆ ಇರೋದು ಬೇಡ ಅಪ್ಪ, ರಜೆ ಇರೋದೇ ಕಮ್ಮಿ. ಬೈಯೋದಿದ್ರೆ ಬಸ್ ಸ್ಟ್ಯಾಂಡಿನಲ್ಲೇ ಬೈದು ಮುಗಿಸಿ. ಸೈಕಲ್ ಕಪ್ಪು." ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ತಲೆ ತಗ್ಗಿಸಿ ನಿಂತು ಕಾದ. ನನಗೆ ನಗು ಬಂತು. ಅಲ್ಲಿಂದ ನೇರ ಸೈಕಲ್ ಅಂಗಡಿಗೆ ಹೋದೆವು.

ರಜೆ ಮುಗಿಸಿ ಇಬ್ಬರೂ ಹೊರಟರು. ಅರೇಬಿಕಾ ಹಣ್ಣಾಗತೊಡಗಿತ್ತು, ಮಳೆ ಇನ್ನೂ ಹೋಗಿರಲಿಲ್ಲ, ಕಣದಲ್ಲಿ ಹರಡಿದ್ದನ್ನು ದಿನಕ್ಕೆ ನಾಲ್ಕು ಸಲ ಎಳೆದು ಮುಚ್ಚುವುದೇ ಕೆಲಸ. ಆ ಗಲಾಟೆಯಲ್ಲಿ ಮಗನ ಪತ್ರ ಬಂತು. ಪೋಸ್ಟ್‌ಕಾರ್ಡಲ್ಲ, ಇನ್‌ಲ್ಯಾಂಡ್. ಅವನು ಇನ್‌ಲ್ಯಾಂಡ್ ಬರೆದದ್ದು ಅದೇ ಮೊದಲು. ಹೆಂಡತಿ ಕಣದ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಊಟ ಪರವಾಗಿಲ್ಲ, ಲೆಕ್ಕದ ಮೇಷ್ಟ್ರು ಬದಲಾಗಿದ್ದಾರೆ, ಉಪ್ಪಿನಕಾಯಿ ಖಾಲಿ. ಕೆಳಗೆ ಎರಡು ಸಾಲು ಬಿಟ್ಟು, ಯಾವ ಸಂಬಂಧವೂ ಇಲ್ಲದೆ ಹೀಗಿತ್ತು:

"ಅಪ್ಪ, ಕಿಟಕಿ ಸರಳಿನ ಸಂದಿಯಲ್ಲಿ ಯಾವತ್ತೂ ತಲೆ ತೂರಿಸಬೇಡಿ. ಹೋಗುವಾಗ ಸಲೀಸಾಗಿ ಹೋಗುತ್ತದೆ."

ಹೆಂಡತಿ ಓದುವುದನ್ನು ನಿಲ್ಲಿಸಿದಳು. ನಾನು ಕಾಫಿ ಎಳೆಯುತ್ತಿದ್ದ ಹಲಗೆಯನ್ನು ಕೆಳಗಿಟ್ಟೆ.

"ಹೊಸ ವಾರ್ಡನ್ ನಂಬರ್ ಎಲ್ಲಿ ಬರ್ಕೊಂಡಿದ್ರಿ?" ಎಂದಳು.

ಮೇಜಿನ ಮೇಲಿದ್ದ ಇನ್‌ಲ್ಯಾಂಡಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಅದು ಬೆಳಿಗ್ಗೆಯೇ ಮೈಸೂರಿನ ದಾರಿ ಹಿಡಿದಿತ್ತು.